ಬುಧವಾರದ ಆಟ

ಅಕ್ಟೋಬರ್ 2, ಮಂಗಳವಾರ

ನಿನ್ನೆ ನಮ್ಮೂರ ಚಿತ್ರಮಂದಿರ ಪ್ಲೇಹೌಸಿನ ಟ್ರಸ್ಟಿನ ಸಭೆ. ಹೊಸ ಪ್ರೊಜೆಕ್ಟರ್ ತರಿಸುವುದೆಂದು ತೀರ್ಮಾನವಾಯಿತು. ಕೈ ಎತ್ತದವನು ನಾನೊಬ್ಬನೇ. ಅಧ್ಯಕ್ಷೆ ನೊಯ್ಲೀನ್ ಅದನ್ನೂ ಬರೆಸಿದಳು: "ಫರ್ಗಸ್ ಮೀಕಲ್ ತಟಸ್ಥ." ನಾನು ತಟಸ್ಥನಾಗಿರಲಿಲ್ಲ, ಸಿಟ್ಟಾಗಿದ್ದೆ.

ಎರಡು ವರ್ಷದಿಂದ ಊರಿನವರೆಲ್ಲ ಶನಿವಾರ ಶನಿವಾರ ಚರ್ಚಿನ ಅಡುಗೆಮನೆಯಲ್ಲಿ ಸಾಲಾಗಿ ನಿಂತು ಚೀಸ್ ರೋಲ್ ಸುತ್ತಿ ಮಾರಿದ್ದು ಈ ಯಂತ್ರಕ್ಕಾಗಿ. ನಾನೂ ಸುತ್ತಿದ್ದೇನೆ. ಆಗ ಚಾವಣಿ ದುರಸ್ತಿಗೆ ಎಂದುಕೊಂಡಿದ್ದೆ. ಇನ್ನು ಮೇಲೆ ರೀಲುಗಳು ಬರುವುದಿಲ್ಲ. ಪುಸ್ತಕದಷ್ಟು ದೊಡ್ಡ ಒಂದು ಡಬ್ಬಿ ಬರುತ್ತದಂತೆ, ಅದನ್ನು ಯಂತ್ರದೊಳಗೆ ತುರುಕಿ ಗುಂಡಿ ಒತ್ತಿದರೆ ಆಯಿತಂತೆ. ಇಷ್ಟು ವರ್ಷ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡುತ್ತಿದ್ದವು, ಇದರಲ್ಲಿ ನಲವತ್ತೆಂಟು ಓಡುತ್ತವೆ. ಕನ್ನಡಿ ಹಿಡಿದಷ್ಟು ಸ್ಪಷ್ಟ ಎಂದು ಕಂಪನಿಯವರ ಕಾಗದದಲ್ಲಿದೆ.

ಇಷ್ಟು ತರಾತುರಿ ಒಂದೇ ಸಿನಿಮಾಕ್ಕೆ. ಡಿಸೆಂಬರ್ 13ಕ್ಕೆ 'ಉಪ್ಪಿನ ಬಾಗಿಲು' ಬರುತ್ತಿದೆ. ಅರ್ಧ ಸಿನಿಮಾ ತೆಗೆದದ್ದು ನಮ್ಮ ಕಣಿವೆಯಲ್ಲೇ. ಊರಿನ ಅರ್ಧದಷ್ಟು ಜನ ಅದರಲ್ಲಿ ಗುಂಪಿನಲ್ಲಿ ನಿಂತಿದ್ದಾರೆ. ನೊಯ್ಲೀನ್ ಅದರಲ್ಲಿ ಗಣಿಜನದ ಹೆಂಗಸಿನ ವೇಷ ಹಾಕಿದ್ದಾಳೆ. ಆ ಕಥೆಯಲ್ಲಿ ಗಣಿಜನದ ಹೆಂಗಸರಿಗೂ ಗಡ್ಡ. ಯಾವ ದೃಶ್ಯದಲ್ಲಿ ಎಂದು ಗಂಡನಿಗೂ ಬಾಯಿ ಬಿಟ್ಟಿಲ್ಲ, ಗುಟ್ಟಿನ ಕಾಗದಕ್ಕೆ ಸಹಿ ಹಾಕಿದ್ದಾಳಂತೆ.

ಸಭೆ ಮುಗಿದ ಮೇಲೆ ನನ್ನನ್ನು ಬಾಗಿಲಲ್ಲಿ ಹಿಡಿದಳು.

"ನೋಡು ಫರ್ಗ್, ಗುಂಡಿ ಒತ್ತೋಕೆ ಯಾರಾದ್ರೂ ಆಗುತ್ತೆ. ನಲವತ್ತೊಂದು ವರ್ಷ ಆ ಪ್ರೊಜೆಕ್ಟರ್ ರೂಮಿನ ಮೆಟ್ಟಿಲು ಹತ್ತಿದ್ದೀಯ. ಸಾಕಾಗಿಲ್ವಾ?"

"ಇಲ್ಲ."

"ಹಠಮಾರಿ ಮುದುಕ."

"ನೀನು ನನಗಿಂತ ಐದು ತಿಂಗಳು ದೊಡ್ಡವಳು, ಮರೀಬೇಡ."

ನಕ್ಕಳು. ಹೊಸ ವರ್ಷದ ಮೇಲೆ ಯಾರು ಇರಬೇಕು, ಯಾರು ಬೇಡ ಎಂದು ನೋಡೋಣ ಎಂದಳು. ಅಂದರೆ ಬಿಡಬೇಕಾದವನು ನಾನೇ, ಅರ್ಥವಾಯಿತು. ಆಗಲಿ. ಆ ಸಿನಿಮಾದ ಮೂಲ ಪುಸ್ತಕವನ್ನು ನಾನು ಮೊದಲು ಓದಿದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಕುರಿ ಉಣ್ಣೆ ಕತ್ತರಿಸುವವರ ಬಿಡಾರದಲ್ಲಿ, ಅಪ್ಪ ಕೆಲಸ ಮಾಡುತ್ತಿದ್ದಾಗ. ಅಂದಿನಿಂದ ಕಾದಿದ್ದೇನೆ. ಆ ಸಿನಿಮಾ ನನ್ನ ಕೈಯಿಂದಲೇ ಪರದೆಗೆ ಹೋಗಬೇಕು. ಆಮೇಲೆ ಬೀಗದ ಕೈ ಕೇಳಿದರೆ ಕೊಡುತ್ತೇನೋ ಇಲ್ಲವೋ, ಆಗ ನೋಡೋಣ.

ಅಕ್ಟೋಬರ್ 11, ಗುರುವಾರ

ನಿನ್ನೆ ಬುಧವಾರದ ಆಟಕ್ಕೆ ಹದಿನಾಲ್ಕು ಜನ. ಮುಗಿದ ಮೇಲೆ ಬೇಕರಿಯ ಮುದುಕಿ ಹೊರಗೆ ಬಂದು, "ಚೆನ್ನಾಗಿತ್ತು ಫರ್ಗಸ್, ಮಂಜು ಸ್ವಲ್ಪ ಜಾಸ್ತಿ ಇತ್ತು ಅಷ್ಟೇ" ಎಂದಳು. ಕಥೆ ನಡೆಯುವುದು ಮರುಭೂಮಿಯಲ್ಲಿ. ವಯಸ್ಸಾಯಿತು ಪಾಪ, ಕಣ್ಣು ಮಂದವಾಗಿರಬೇಕು.

ಇನ್ನೊಂದು ವಿಷಯ. ಯಾರೋ ನನ್ನ ಲೆನ್ಸ್ ಮುಟ್ಟುತ್ತಿದ್ದಾರೆ. ಪ್ರತಿ ರೀಲು ಶುರುವಾದಾಗ ಲೆನ್ಸಿನ ಬಳೆಯನ್ನು ಒಂದು ಎಳೆ ತಿರುಗಿಸಿ ಫೋಕಸ್ ನೋಡುವುದು ನನ್ನ ಅಭ್ಯಾಸ. ಇಟ್ಟ ಜಾಗದಲ್ಲಿ ಅದು ಉಳಿಯುತ್ತಿಲ್ಲ. ಚಹಾ ಕುಡಿಯಲು ಕೆಳಗೆ ಹೋಗಿ ಬಂದರೆ ಎಳೆಯಷ್ಟು ಆಚೆ ಹೋಗಿರುತ್ತದೆ. ಹೋದ ವಾರ ಪಾನಿಯಾಳನ್ನು ಕೇಳಿದೆ. ಶಾಲೆಯ ಬಸ್ ಓಡಿಸುವ ಹುಡುಗಿ, ಸಂಜೆ ನನ್ನ ಜೊತೆ ಮೇಲೆ ಕೆಲಸ ಮಾಡುತ್ತಾಳೆ, ಬುಧವಾರ ಮಾತ್ರ ನೆಟ್‌ಬಾಲ್ ಎಂದು ಬರುವುದಿಲ್ಲ.

"ಯಂತ್ರ ನಡುಗುತ್ತಲ್ಲ ಮಾಟುವಾ, ಅದಕ್ಕೇ ಜಾರುತ್ತೆ" ಎಂದಳು. ಮಾವೋರಿ ಮಕ್ಕಳು ದೊಡ್ಡವರನ್ನು ಕರೆಯುವಂತೆ ನನ್ನನ್ನು ಮಾಟುವಾ ಎನ್ನುತ್ತಾಳೆ, ಬೈಯುವಾಗಲೂ.

"ಬುಧವಾರ ಜಾರಲ್ವಲ್ಲ?"

"ಬುಧವಾರ ಜನ ಕಡಿಮೆ. ನಡುಗೋದೂ ಕಡಿಮೆ."

ಒಪ್ಪುವ ಮಾತಲ್ಲ. ಆದರೂ ಬಳೆಗೆ ಟೇಪು ಸುತ್ತಿದೆ. ಮರುದಿನ ಬಂದು ನೋಡಿದರೆ ಟೇಪು ಬಿಚ್ಚಿತ್ತು.

ಅಕ್ಟೋಬರ್ 27, ಶನಿವಾರ

ಕೌನ್ಸಿಲ್‌ನವರು ಬೀದಿಗೆ ಹೊಸ ದೀಪ ಹಾಕಿದ್ದಾರೆ. ಒಂದೊಂದರ ಸುತ್ತ ಬಣ್ಣದ ಬಳೆ. ಅಗ್ಗದ ಮಾಲು. ನಮ್ಮ ಮನೆಯ ಎದುರಿನ ಅಂಚೆ ಡಬ್ಬಿಯನ್ನೂ ಅವರೇ ಒಂದಡಿ ಈಚೆಗೆ ತಂದು ನೆಟ್ಟಿರಬೇಕು, ಕಾರಿನ ಬಲಗಡೆ ಉದ್ದಕ್ಕೂ ಗೀಚಿತು.

ಹಳೆಯ ಪೆನ್ನು ಸರಿಯಿಲ್ಲ, ದಪ್ಪನೆಯ ಕಪ್ಪು ಪೆನ್ನು ತಂದಿದ್ದೇನೆ. ಅಕ್ಷರ ದೊಡ್ಡದಾಗಿ ಬರೆಯುವುದರಿಂದ ಡೈರಿ ಬೇಗ ಮುಗಿಯುತ್ತದೆ.

ನವೆಂಬರ್ 8, ಗುರುವಾರ

ಹಳೆಯ ಪ್ರೊಜೆಕ್ಟರುಗಳನ್ನು ಇಳಿಸಿದರು. ಎರಡೂ. ಗೋಡೆ ಒಡೆದು ಹಗ್ಗ ಕಟ್ಟಿ ಇಳಿಸಬೇಕಾಯಿತು, ಅಷ್ಟು ಭಾರ. ಒಂದು ಮ್ಯೂಸಿಯಂಗೆ, ಒಂದು ಗುಜರಿಗೆ.

ದುಃಖವಾಯಿತು. ಬರೆಯಲು ಬೇರೆ ಏನಿಲ್ಲ.

ನವೆಂಬರ್ 20, ಮಂಗಳವಾರ

ಆಕ್ಲೆಂಡಿನಿಂದ ಸೆಮಿಸಿ ಎಂಬ ಟೋಂಗಾ ದ್ವೀಪದವನು ಬಂದು ಮೂರು ದಿನದಿಂದ ಹೊಸ ಯಂತ್ರ ಕೂರಿಸುತ್ತಿದ್ದಾನೆ. ಬಾಗಿಲು ತುಂಬುವಷ್ಟು ದೊಡ್ಡ ಆಳು, ಬೆರಳು ಮಾತ್ರ ಗಡಿಯಾರ ರಿಪೇರಿಯವನ ಹಾಗೆ ನಾಜೂಕು. ಇಷ್ಟವಾದ. ಪ್ರೊಜೆಕ್ಟರ್ ಮಾತ್ರ ಬಟ್ಟೆ ಒಗೆಯುವ ಯಂತ್ರದ ಹಾಗಿದೆ.

ಪರದೆಯ ಮೇಲೆ ಗೀಟು ಗೀಟಿನ ಒಂದು ಚಿತ್ರ ಬಿಟ್ಟು, ಕೆಳಗೆ ಹೋಗಿ ಪರದೆಗೆ ಮೂಗು ತಾಗಿಸಿ ನಿಂತು, ಪಾನಿಯಾಳಿಂದ ಗುಂಡಿ ಒತ್ತಿಸಿ ಫೋಕಸ್ ಇಟ್ಟ. ನಾನು ಮೇಲೆ ರೂಮಿನ ಕಿಟಕಿಯಲ್ಲಿ ನಿಂತು ನೋಡಿದೆ. ಎಲ್ಲ ಮುಗಿದ ಮೇಲೆ ಹೇಳಿದ:

"ಬಾಸ್, ಇದನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ. ರೀಲು ಇಲ್ಲ, ಹಾಗಾಗಿ ಜಾರಲ್ಲ. ಇವತ್ತು ಇಟ್ಟಿದ್ದು ಮುಂದಿನ ವರ್ಷಾನೂ ಅಲ್ಲೇ ಇರುತ್ತೆ."

"ಹಾಗಾದ್ರೆ ನಾನೇನು ಮಾಡ್ಲಿ?"

"ಕೂತ್ಕೊಂಡು ಸಿನಿಮಾ ನೋಡಿ."

ಕೈಪಿಡಿ ಕೊಟ್ಟಿದ್ದಾನೆ. ಇರುವೆಯಷ್ಟು ಸಣ್ಣ ಅಕ್ಷರ, ಬೂದು ಕಾಗದದ ಮೇಲೆ ಬೂದು ಮಸಿ. ಪಾನಿಯಾ ಓದಿ ಹೇಳಿದಳು. ಇತ್ತೀಚೆಗೆ ಓದುವ ಕೆಲಸವೆಲ್ಲ ಅವಳಿಗೇ ಬಿಟ್ಟಿದ್ದೇನೆ, ಅವಳಿಗೂ ಕಲಿತಂತಾಗುತ್ತದೆ.

ಡಿಸೆಂಬರ್ 11, ಮಂಗಳವಾರ

ಡಬ್ಬಿ ಬಂತು. ಕೊರಿಯರ್‌ನವನ ಕೈಯಿಂದ ನೊಯ್ಲೀನ್ ತಾನೇ ತೆಗೆದುಕೊಂಡು ಎದೆಗವಚಿಕೊಂಡು ಮೇಲೆ ತಂದಳು. ಟಿಕೆಟ್ ಎಲ್ಲ ಮುಗಿದಿವೆ. ಅವಳು ಮೊದಲ ಆಟಕ್ಕೆ ತಲೆಗೂದಲಿಗೆ ಬಣ್ಣ ಹಾಕಿಸಿಕೊಂಡಿದ್ದಾಳೆ.

"ಗಡ್ಡಕ್ಕೂ ಹಾಕಿಸಬೇಕಿತ್ತು" ಎಂದೆ.

"ನನ್ನ ಗಡ್ಡ ನೋಡಿ ಊರು ಬಾಯಿ ಮೇಲೆ ಕೈ ಇಟ್ಕೊಳುತ್ತೆ, ನೋಡ್ತಿರು. ನಿಜವಾದ ಕೂದಲು ಕಣೋ ಅದು, ಒಂದೊಂದಾಗಿ ಅಂಟಿಸಿದ್ದು. ದಿನಾ ನಾಲ್ಕು ಗಂಟೆ ಕೂರಿಸ್ತಿದ್ರು."

ಯಾವ ದೃಶ್ಯ ಎಂದು ಈಗಲೂ ಹೇಳಲಿಲ್ಲ.

ಬೆಳಿಗ್ಗೆ ಚೆರ್ರಿ ಹಣ್ಣು ತರಲು ಅಲೆಕ್ಸಾಂಡ್ರಾಕ್ಕೆ ಹೋಗಬೇಕೆಂದಿದ್ದೆ, ಹೋಗಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಎದುರಿನ ಕಾರು ಹತ್ತಿರ ಬಂದ ಮೇಲೆ ಕಾಣುತ್ತದೆ. ಈ ವರ್ಷದ ಬಿಸಿಲೇ ಹಾಗಿದೆ.

ಡಿಸೆಂಬರ್ 13, ಗುರುವಾರ

ಹತ್ತು ಗಂಟೆಗೆ ಮೊದಲ ಆಟ. ಒಂಬತ್ತೂವರೆಗೆ ಒಬ್ಬನೇ ಮೇಲೆ ಹೋದೆ. ಶುರುವಿನ ಎರಡು ನಿಮಿಷ ಓಡಿಸಿ ನೋಡಿದೆ. ಬೆಟ್ಟ, ನಮ್ಮ ಬೆಟ್ಟವೇ, ಹಾಲು ಚೆಲ್ಲಿದಂತೆ ಮಸುಕು. ಇಷ್ಟೆಲ್ಲ ಆರ್ಭಟ ಮಾಡಿ ಇದೇನಾ ಕನ್ನಡಿ ಎಂದು ಹೊಟ್ಟೆ ಉರಿಯಿತು. ಸೆಮಿಸಿ ಒಳ್ಳೆಯವನು, ಆದರೆ ಅವನು ಪರದೆಯ ಹತ್ತಿರ ನಿಂತು ಇಟ್ಟ ಫೋಕಸ್. ಸಿನಿಮಾ ನೋಡುವವರು ಪರದೆಗೆ ಮೂಗು ತಾಗಿಸಿ ಕೂರುವುದಿಲ್ಲ. ಈ ಯಂತ್ರಕ್ಕೆ ಬಳೆಯಿಲ್ಲ, ಗುಂಡಿ ಇದೆ. ಒತ್ತಿದೆ. ನಲವತ್ತೊಂದು ವರ್ಷದ ಕೈ ಸುಮ್ಮನೆ ಕೂರುತ್ತದೆಯೇ? ಒತ್ತುತ್ತಾ ಹೋದೆ, ಸ್ವಲ್ಪ ಪರವಾಗಿಲ್ಲ ಅನ್ನಿಸಿದಲ್ಲಿ ನಿಲ್ಲಿಸಿದೆ.

ಹತ್ತಕ್ಕೆ ಬೀಗ ತೆಗೆದಂತೆ ಜನ ನುಗ್ಗಿದರು. ಬಾಲ್ಕನಿಯೂ ತುಂಬಿತು. ದೀಪ ಆರಿಸಿ ಗುಂಡಿ ಒತ್ತಿದ್ದು ನಾನೇ.

ಕಿಟಕಿಯಲ್ಲಿ ನಿಂತು ಪೂರ್ತಿ ನೋಡಿದೆ. ಉಪ್ಪಿನ ಬಾಗಿಲು ತೆರೆಯುವ ಜಾಗ ಬಂದಾಗ ಅತ್ತೆ. ನಾಚಿಕೆ ಏನಿಲ್ಲ. ಐವತ್ತೇಳು ವರ್ಷ ತಲೆಯೊಳಗೆ ಇದ್ದದ್ದು ಹೊರಗೆ ಬಂದು ಗೋಡೆಯ ಮೇಲೆ ನಿಂತಿತ್ತು. ಒಳಗೆ ಹೇಗಿತ್ತೋ ಹಾಗೇ, ಸ್ವಲ್ಪ ಹೊಗೆ, ಸ್ವಲ್ಪ ಬೆಳಕು.

ನೊಯ್ಲೀನ್ ಬಂದದ್ದು ಗಣಿಯ ಸಭೆಯ ದೃಶ್ಯದಲ್ಲಂತೆ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಯಾರು ನೊಯ್ಲೀನ್ ಎಂದು ನನಗೆ ಗೊತ್ತಾಗಲಿಲ್ಲ, ನೂರು ಗಡ್ಡಗಳಿದ್ದವು.

ಡಿಸೆಂಬರ್ 22, ಶನಿವಾರ

ವಿಚಿತ್ರ ಸುದ್ದಿ. ವೆಲಿಂಗ್ಟನ್ನಿನಲ್ಲಿ, ಆಕ್ಲೆಂಡಿನಲ್ಲಿ ಜನ ಸಿನಿಮಾ ಬೈಯುತ್ತಿದ್ದಾರೆ. ಅತಿಯಾಗಿ ಸ್ಪಷ್ಟವಂತೆ. ಗಡ್ಡ ಅಂಟಿಸಿದ ಗೆರೆ ಕಾಣುತ್ತದಂತೆ, ಕಿರೀಟಕ್ಕೆ ಬಳಿದ ಬಣ್ಣ ಕಾಣುತ್ತದಂತೆ, ಅರಮನೆ ಪ್ಲೈವುಡ್ ಎಂದು ಗೊತ್ತಾಗುತ್ತದಂತೆ. ಮಧ್ಯಾಹ್ನದ ಟೀವಿ ಧಾರಾವಾಹಿ ನೋಡಿದ ಹಾಗೆ ಎಂದು ಪತ್ರಿಕೆಯಲ್ಲಿ ಬರೆದಿದ್ದಾರೆ. ಪಾನಿಯಾ ಓದಿ ಹೇಳಿದಳು.

ನಮ್ಮಲ್ಲಿ ಒಬ್ಬರೂ ಹಾಗೆ ಹೇಳಿಲ್ಲ. ಡನೀಡಿನ್‌ನಿಂದ ಬಂದವರು ಕೂಡ, ಅಲ್ಲಿ ನೋಡಿದ್ದಕ್ಕಿಂತ ಇಲ್ಲಿ ಚೆನ್ನಾಗಿದೆ, ಕಥೆಯೊಳಗೆ ಹೋದ ಹಾಗಾಗುತ್ತೆ ಎಂದರು. ನೊಯ್ಲೀನ್ ಸಿಕ್ಕವರಿಗೆಲ್ಲ ಹೇಳುತ್ತಿದ್ದಾಳೆ, "ನಮ್ಮ ಫರ್ಗಸ್ ಕೈಚಳಕ ಅದು." ನನ್ನ ಬಗ್ಗೆ ಅವಳು ಒಳ್ಳೆಯ ಮಾತಾಡಿದ್ದು ಬಹುಶಃ ಶಾಲೆ ಬಿಟ್ಟ ಮೇಲೆ ಇದೇ ಮೊದಲು. ಹೊಸ ವರ್ಷದ ಮೇಲೆ ನೋಡೋಣ ಎಂಬ ಮಾತು ಮತ್ತೆ ಎತ್ತಲಿಲ್ಲ.

ಕೇಳಿ ಹಿಗ್ಗಿದೆ. ಕ್ರಿಸ್‌ಮಸ್‌ಗೆ ಹ್ಯಾಮ್ ದೊಡ್ಡದೇ ತಂದೆ, ತಿನ್ನುವವನು ನಾನೊಬ್ಬನೇ ಆದರೂ.

ಜನವರಿ 10, ಗುರುವಾರ

ಸೆಮಿಸಿ ತಪಾಸಣೆಗೆ ಬಂದಿದ್ದ. ಗೀಟಿನ ಚಿತ್ರ ಬಿಟ್ಟು ನೋಡಿದ.

"ಬಾಸ್, ಫೋಕಸ್ ಹನ್ನೊಂದು ಹೆಜ್ಜೆ ಆಚೆ ಹೋಗಿದೆ."

"ಯಂತ್ರ ನಡುಗುತ್ತೆ" ಎಂದೆ.

"ಈ ಯಂತ್ರ ನಡುಗಲ್ಲ. ಯಾವಾಗ ಗುಂಡಿ ಒತ್ತಿದ್ರು ಅಂತ ಬರ್ಕೊಂಡೂ ಇರುತ್ತೆ. ಡಿಸೆಂಬರ್ ಹದಿಮೂರು, ಬೆಳಿಗ್ಗೆ ಒಂಬತ್ತು ನಲವತ್ತು."

ನಾನೇ ಎಂದೆ. ಸುಳ್ಳು ಯಾಕೆ ಹೇಳಲಿ?

ಅವನು ಸಿಟ್ಟಾಗಲಿಲ್ಲ. ಕಿಟಕಿಯ ಹತ್ತಿರ ಬಂದು ನನ್ನ ಪಕ್ಕ ನಿಂತು, "ಎಡಗಡೆ ಮೂಲೇಲಿ ಸಣ್ಣ ಗೀಟುಗಳಿವೆಯಲ್ಲ, ಎಷ್ಟಿವೆ ಹೇಳಿ ನೋಡೋಣ" ಎಂದ. ಅಲ್ಲಿ ಗೀಟೇ ಇರಲಿಲ್ಲ. ಬೂದು ಬಣ್ಣ ಇತ್ತು.

"ಆರು" ಎಂದೆ.

ಅವನು ತಲೆಯಾಡಿಸಿ ಕೆಳಗೆ ಹೋದ. ಫೋಕಸ್ ಮತ್ತೆ ಇಟ್ಟ. ಹೋಗುವಾಗ ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕುಲುಕಿದ. ಹಾಗೆ ಯಾಕೆ ಕುಲುಕಿದನೋ.

ಜನವರಿ 15, ಮಂಗಳವಾರ

ಊರು ತಿರುಗಿಬಿದ್ದಿದೆ. ಎರಡನೇ ಸಲ, ಮೂರನೇ ಸಲ ನೋಡಲು ಬಂದವರು ಬೇರೆ ಸಿನಿಮಾ ನೋಡಿದಂತಾಯಿತು ಎನ್ನುತ್ತಾರೆ. ರಾಜನ ಮೂಗು ರಬ್ಬರಂತೆ. ಶನಿವಾರ ಗಣಿಸಭೆಯ ದೃಶ್ಯದಲ್ಲಿ ಯಾರೋ, "ನೊಯ್ಲೀನ್, ಗಡ್ಡ ಕಿವಿ ಹತ್ರ ಕಿತ್ಕೊಂಡು ಬಂದಿದೆ!" ಎಂದು ಕೂಗಿ ಇಡೀ ಹಾಲ್ ನಕ್ಕಿತು. ಅವಳು ಅಕ್ಕನ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದಳು.

ಬೆಳಿಗ್ಗೆ ಮನೆಗೇ ಬಂದಳು.

"ಆ ಟೋಂಗಾದವನು ಕೆಡಿಸಿ ಹೋಗಿದ್ದಾನೆ. ನೀನು ಇಟ್ಟಿದ್ದೆಯಲ್ಲ, ಹಾಗೇ ಇಟ್ಬಿಡು ಫರ್ಗ್. ನಿನ್ನ ಕಣ್ಣಿನ ಅಳತೆ ಯಾರಿಗೂ ಬರಲ್ಲ. ಸೋಮವಾರ ಸಭೇಲಿ ಹೇಳ್ತೀನಿ, ನೀನು ಇರೋವರೆಗೂ ಆ ರೂಮು ನಿಂದೇ ಅಂತ."

ಇದಕ್ಕಾಗಿಯೇ ಕಾದಿದ್ದೆ. ಆದರೂ ಬಾಯಿಗೆ ಬಂದದ್ದು "ನೋಡ್ತೀನಿ" ಎಂಬ ಮಾತು.

ಜನವರಿ 18, ಶುಕ್ರವಾರ

ಮಧ್ಯಾಹ್ನ ಪಾನಿಯಾ ಮೇಲೆ ಬಂದಾಗ ಗುಂಡಿಯ ಮುಂದೆ ಕೂತಿದ್ದೆ. ಒತ್ತಿರಲಿಲ್ಲ. ನೊಯ್ಲೀನ್ ಹೇಳಿದ್ದನ್ನು ಹೇಳಿದೆ.

"ನೀನು ಹೇಳು. ನಾನು ಇಟ್ಟಿದ್ದು ಸರೀನಾ, ಅವನು ಇಟ್ಟಿದ್ದು ಸರೀನಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ನೆಲ ನೋಡುತ್ತಾ ಮಾತಾಡಿದಳು.

"ಅವನು ಇಟ್ಟಿದ್ದು. ಮಾಟುವಾ, ಒಂದು ವರ್ಷದಿಂದ ನಿಮ್ಮ ಲೆನ್ಸ್ ಮುಟ್ತಿದ್ದವಳು ನಾನೇ. ನೀವು ಚಹಾಕ್ಕೆ ಹೋದಾಗ ಸರಿ ಮಾಡ್ತಿದ್ದೆ. ಟೇಪು ಬಿಚ್ಚಿದ್ದೂ ನಾನೇ."

"ಮತ್ತೆ ಹದಿಮೂರನೇ ತಾರೀಖು ಯಾಕೆ ಮಾಡ್ಲಿಲ್ಲ?"

"ಕೆಳಗಿಂದ ನೋಡಿದ ತಕ್ಷಣ ಗೊತ್ತಾಯ್ತು. ಓಡಿ ಬಂದೆ. ನೀವು ಕಿಟಕಿ ಹಿಡ್ಕೊಂಡು ಅಳ್ತಾ ನಿಂತಿದ್ರಿ. ನನ್ನ ಕೈಲಾಗ್ಲಿಲ್ಲ. ಬಾಗಿಲು ಹಾಕ್ಕೊಂಡು ವಾಪಸ್ ಹೋದೆ. ಆಮೇಲೆ ಜನ ಹೊಗಳೋಕೆ ಶುರು ಮಾಡಿದ್ರು, ಯಾವ ಬಾಯಲ್ಲಿ ಹೇಳ್ಲಿ?"

ಅವಳನ್ನು ಬೈದೆ. ಏನು ಬೈದೆನೆಂದು ಇಲ್ಲಿ ಬರೆಯುವುದಿಲ್ಲ. ಅವಳು ಕೇಳಿಸಿಕೊಂಡು, ಚಹಾ ಮಾಡಿಕೊಟ್ಟು, ಆಟ ಶುರು ಮಾಡಿದಳು.

ಜನವರಿ 22, ಮಂಗಳವಾರ

ನಿನ್ನೆ ಸಭೆ. ನೊಯ್ಲೀನ್ ನನ್ನ ಪರವಾಗಿ ನಿರ್ಣಯ ಓದಿದಳು. ಎಲ್ಲರೂ ಕೈ ಎತ್ತಿದರು. ಸುಮ್ಮನೆ ಕೂತಿದ್ದರೆ ಮುಗಿಯುತ್ತಿತ್ತು.

ಎದ್ದು ನಿಂತು ಹೇಳಿದೆ. ಅದು ಕೈಚಳಕವಲ್ಲ, ನನ್ನ ಕಣ್ಣು ಕಾಣುವುದಿಲ್ಲ. ಪರದೆಯ ಮೂಲೆಯ ಗೀಟು ಕಾಣುವುದಿಲ್ಲ, ಎದುರಿಗೆ ಕೂತವರ ಮುಖವೂ ಸರಿಯಾಗಿ ಕಾಣುವುದಿಲ್ಲ. ಸಿನಿಮಾ ಮಾಡಿದವರು ಅಂಟು ಕಾಣುವ ಹಾಗೆ ಮಾಡಿದ್ದರೆ ನಾವು ಅಂಟು ತೋರಿಸಬೇಕು. ಅದನ್ನು ಮಸುಕು ಮಾಡುವ ಹಕ್ಕು ನನಗಿಲ್ಲ, ನೊಯ್ಲೀನಳ ಗಡ್ಡಕ್ಕೂ ಇಲ್ಲ. ರೂಮಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ.

ಯಾರೂ ಆಶ್ಚರ್ಯಪಡಲಿಲ್ಲ. ಅದೇ ನನಗೆ ಆಶ್ಚರ್ಯ.

"ಗೊತ್ತು ಕಣೋ" ಎಂದಳು ನೊಯ್ಲೀನ್. "ಊರಿಗೆಲ್ಲ ಗೊತ್ತು. ಒಂದು ವರ್ಷ ಆಯ್ತು."

"ಮತ್ತೆ ಯಾರೂ ಯಾಕೆ ಕೂಗ್ಲಿಲ್ಲ? ಫೋಕಸ್ ಹೋದ್ರೆ ಕಾಲು ಬಡಿಯೋ ಊರು ಇದು!"

"ಬಡಿಯೋದು ಬೇಡ ಅಂತ ಮಾತಾಡ್ಕೊಂಡಿದ್ವಿ. ಪಾನಿಯಾ ಇರೋ ದಿನ ಹೇಗೂ ಸರಿ ಇರ್ತಿತ್ತು. ಬುಧವಾರದ ಆಟಕ್ಕೆ ಕನ್ನಡಕ ಮನೇಲೇ ಬಿಟ್ಟು ಬರ್ತಿದ್ವಿ, ಹೇಗೂ ವ್ಯತ್ಯಾಸ ಇಲ್ಲ ಅಂತ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹದಿನಾಲ್ಕು ಜನ, ಹದಿನೈದು ಜನ, ಚಳಿಗಾಲದಲ್ಲೂ ಮೊಣಕಾಲ ಮೇಲೆ ಕಂಬಳಿ ಹೊದ್ದುಕೊಂಡು, ಟಿಕೆಟ್ ಕೊಂಡು, ಮಸುಕು ಸಿನಿಮಾ ನೋಡಿ, ಬಾಗಿಲಲ್ಲಿ ಚೆನ್ನಾಗಿತ್ತು ಫರ್ಗಸ್ ಎಂದು ಹೇಳಿ ಹೋಗುತ್ತಿದ್ದರು. ನನಗೆ ಕರುಣೆ ತೋರಿಸಿದ್ದಕ್ಕೆ ಅವಮಾನವೂ ಆಯಿತು, ಸಿಟ್ಟೂ ಬಂತು. ಮನೆಗೆ ಬಂದು ಕಾರಿನಿಂದ ಇಳಿಯದೆ ತುಂಬ ಹೊತ್ತು ಅತ್ತೆ. ಅಲ್ಲ, ಕಾರು ನನ್ನದಲ್ಲ. ನೊಯ್ಲೀನ್ ಬಿಟ್ಟು ಹೋಗಲು ಬಂದಿದ್ದಳು. ಅವಳು ಎಂಜಿನ್ ಆರಿಸಿ ಪಕ್ಕದಲ್ಲೇ ಕೂತಿದ್ದಳು.

ಫೆಬ್ರವರಿ 5, ಮಂಗಳವಾರ

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡನೀಡಿನ್‌ನಲ್ಲಿ. ಹಣ್ಣಾಗಿ ಎರಡು ವರ್ಷವಾಗಿದೆಯಂತೆ. ಹೇಗೆ ಓಡಾಡ್ತಿದ್ರಿ ಎಂದು ಡಾಕ್ಟರಮ್ಮ ಕೇಳಿದರು. ಊರವರು ದಾರಿ ಬಿಡ್ತಿದ್ರು ಎಂದೆ. ಯಾರೋ ಬರುವುದಿಲ್ಲವೆಂದು ಮಾರ್ಚ್ ಮೊದಲ ವಾರದಲ್ಲಿ ಆಪರೇಶನ್ನಿಗೆ ಜಾಗ ಸಿಕ್ಕಿತು. ಒಂದು ಕಣ್ಣು ಮೊದಲು.

ಮಾರ್ಚ್ 13, ಬುಧವಾರ

ಪಟ್ಟಿ ಬಿಚ್ಚಿ ಐದು ದಿನ. ಇದನ್ನು ಹಳೆಯ ಸಣ್ಣ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಅಡುಗೆಮನೆ ಇಷ್ಟು ಕೊಳಕಾಗಿದೆ ಎಂದು ಗೊತ್ತಿರಲಿಲ್ಲ.

'ಉಪ್ಪಿನ ಬಾಗಿಲು' ನಾಳೆ ತೆಗೆಯುತ್ತಾರೆ. ಇವತ್ತು ಸಂಜೆಯ ಆಟಕ್ಕೆ ಟಿಕೆಟ್ ಕೊಂಡು ಹೋಗಿ ಕೆಳಗೆ, ನಡುವಿನ ಸಾಲಿನಲ್ಲಿ ಕೂತೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ. ನೆಟ್‌ಬಾಲ್ ಮುಗಿದಿದ್ದರಿಂದ ಮೇಲೆ ಪಾನಿಯಾ ಇದ್ದಳು. ಒಂಬತ್ತು ಜನ. ನನ್ನನ್ನು ನೋಡಿ ಬೇಕರಿಯ ಮುದುಕಿ ಕನ್ನಡಕ ತೆಗೆದು ತೋರಿಸಿ ಮತ್ತೆ ಹಾಕಿಕೊಂಡಳು.

ಎಲ್ಲ ಕಂಡಿತು. ರಾಜನ ಮೂಗು ರಬ್ಬರು. ಅರಮನೆಯ ಗೋಡೆಯಲ್ಲಿ ಮೊಳೆ ಹೊಡೆದ ಗುರುತು. ಗಣಿಸಭೆಯಲ್ಲಿ ಎರಡನೆಯ ಸಾಲಿನ ಎಡಗಡೆ ನೊಯ್ಲೀನ್, ಕಿವಿಯ ಹತ್ತಿರ ಗಡ್ಡ ಎದ್ದಿತ್ತು, ಅವಳ ಕಣ್ಣು ಕ್ಯಾಮೆರಾ ಎಲ್ಲಿದೆ ಎಂದು ಹುಡುಕುತ್ತಿತ್ತು. ಉಪ್ಪಿನ ಬಾಗಿಲು ತೆರೆಯಿತು, ಒಳಗಿದ್ದದ್ದು ದೀಪ ಬಿಟ್ಟ ಬಿಳಿ ಬಟ್ಟೆ. ಅಳು ಬರಲಿಲ್ಲ. ನಾನು ತೋರಿಸಿದ್ದೇ ಚೆನ್ನಾಗಿತ್ತು. ಅದನ್ನು ಇನ್ನೊಮ್ಮೆ ನೋಡಲು ನನಗೂ ಆಗುವುದಿಲ್ಲ, ಯಾರಿಗೂ ಆಗುವುದಿಲ್ಲ.

ವಿರಾಮದಲ್ಲಿ ಮೇಲಿನ ಕಿಟಕಿ ತೆರೆಯಿತು. ಪಾನಿಯಾ ತಲೆ ಹೊರಗೆ ಹಾಕಿದಳು. ಅವಳ ಕೂದಲಲ್ಲಿ ಬಿಳಿ ಎಳೆಗಳಿವೆ, ನನಗೆ ಗೊತ್ತೇ ಇರಲಿಲ್ಲ.

"ಹೇಗಿದೆ ಮಾಟುವಾ?" ಎಂದು ಕೂಗಿದಳು. ಒಂಬತ್ತು ಜನವೂ ನನ್ನ ಕಡೆ ತಿರುಗಿದರು.

"ಸರಿಯಾಗಿದೆ" ಎಂದೆ. "ಮುಟ್ಟಬೇಡ."